ಬುಧವಾರದ ಬಾಣಲೆ

ಸನ್ನಿವೇಲ್
14 ಜನವರಿ 2024, ಭಾನುವಾರ

ಅವ್ವನಿಗೆ ನಮಸ್ಕಾರ.

ನೀನು ಹೇಳಿದಂತೆ ಕಾಗದ ಬರೆಯುತ್ತಿದ್ದೇನೆ. ವಿಡಿಯೋ ಕಾಲ್‌ನಲ್ಲಿ ನಾನು ಕೂಗುವುದು, ನೀನು ಕೇಳಿಸದೆ ನಗುವುದು, ಕೊನೆಗೆ ಶರಣವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು ನನ್ನ ಮಾತನ್ನು ನಿನ್ನ ಕಿವಿಯಲ್ಲಿ ಕೂಗುವುದು. ಹೀಗೆ ಹೇಳಲಾಗುವ ಮಾತಲ್ಲ ಇದು. ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡು ಖಾನಾವಳಿ ನಡೆಸಿದ ಮೇಲೆ ಕಿವಿ ಉಳಿಯುವುದಾದರೂ ಹೇಗೆ? ಇದರ ಫೋಟೋ ತೆಗೆದು ಶರಣವ್ವನ ಫೋನಿಗೆ ಕಳಿಸುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ನೀನೇ ಓದು. ಅವಳ ಕೈಲಿ ಓದಿಸಬೇಡ.

ನಮ್ಮ ಮನೆಯಲ್ಲಿ ನವೆಂಬರಿನಿಂದ ಒಂದು ಮಗು ಇದೆ.

ಎಂಟು ವರ್ಷದ ಹುಡುಗಿ, ಹೆಸರು ಟೆಸ್ಸಾ. ಈ ದೇಶದಲ್ಲಿ ಹೆತ್ತವರಿಗೆ ಮಕ್ಕಳನ್ನು ನೋಡಿಕೊಳ್ಳಲಾಗದ ಸ್ಥಿತಿ ಬಂದರೆ, ಅವರು ಸುಧಾರಿಸಿಕೊಳ್ಳುವ ತನಕ ಸರ್ಕಾರ ಆ ಮಕ್ಕಳನ್ನು ಬೇರೆಯವರ ಮನೆಯಲ್ಲಿ ಇರಿಸುತ್ತದೆ. ಅಂಥ ಮನೆಯಾಗುವುದಕ್ಕೆ ನಾನೂ ನಿನ್ನ ಅಳಿಯ ಗುರುಕಿರಣನೂ ಹೋದ ವರ್ಷ ಹೆಸರು ಕೊಟ್ಟೆವು. ಟೆಸ್ಸಾಳ ತಾಯಿ ಲೊರೇನ್ ಒಬ್ಬಳೇ ಮಗಳನ್ನು ಸಾಕಿದವಳು. ಗೋದಾಮಿನ ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಯಿತಂತೆ. ನೋವಿಗೆಂದು ತೆಗೆದುಕೊಂಡ ಮಾತ್ರೆ ಬಿಡಲಾರದ ಚಟವಾಗಿ, ಈಗ ಚಿಕಿತ್ಸೆಯಲ್ಲಿದ್ದಾಳೆ. ಗುಣವಾದರೆ ಮಗಳು ಅವಳ ಬಳಿಗೇ ಹೋಗುತ್ತಾಳೆ. ಮೊದಲ ದಿನವೇ ಇದನ್ನು ನಮಗೆ ಬಿಡಿಸಿ ಹೇಳಿದ್ದಾರೆ.

ನಿನಗೆ ಏಕೆ ಹೇಳಲಿಲ್ಲ ಎಂದು ಕೇಳುತ್ತೀ. ಆರು ವರ್ಷದ ಹಿಂದೆ, ಮೂರನೆಯ ಸಲವೂ ಗರ್ಭ ನಿಲ್ಲದೆ ನಾನು ಊರಿಗೆ ಬಂದಿದ್ದಾಗ, ಮಗುವೊಂದನ್ನು ತಂದು ಸಾಕುವ ಮಾತು ತೆಗೆದಿದ್ದೆ. ನೀನು ಸೊಪ್ಪು ಸೋಸುತ್ತ, ತಲೆ ಎತ್ತದೆ, "ಯಾರದರ ಕೂಸು ತಂದು ಸಾಕಿದ್ರ ಅದು ನಮ್ಮದಾಗತೈತೇನ?" ಅಂದಿದ್ದೆ. ನಾನು ಎದ್ದು ಹೊರಗೆ ಹೋದೆ. ನಿನಗೆ ನೆನಪಿದೆಯೋ ಇಲ್ಲವೋ.

ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಟೆಸ್ಸಾ ಉಣ್ಣುವುದಿಲ್ಲ. ಹಟ ಮಾಡುವುದಿಲ್ಲ, ಅಳುವುದಿಲ್ಲ. ಏನು ಬಡಿಸಿದರೂ "ಥ್ಯಾಂಕ್ ಯು" ಎನ್ನುತ್ತಾಳೆ, ನಾಲ್ಕು ತುತ್ತಿನ ಮೇಲೆ ತಟ್ಟೆಯನ್ನು ಮೆಲ್ಲಗೆ ಮುಂದೆ ಸರಿಸುತ್ತಾಳೆ. ಹಾಸಿಗೆ ಸರಿಮಾಡುವಾಗ ದಿಂಬಿನ ಕೆಳಗೆ ಬ್ರೆಡ್ಡಿನ ಚೂರುಗಳು ಸಿಗುತ್ತವೆ. ಬಂದಮೇಲೆ ಎರಡು ಕಿಲೋ ಇಳಿದಿದ್ದಾಳೆ. ನಿನಗೆ ಏನು ತಿನ್ನಬೇಕೆನಿಸುತ್ತದೆ ಎಂದು ಹತ್ತು ಸಲ ಕೇಳಿದ ಮೇಲೆ ಮೊನ್ನೆ ಒಂದೇ ಮಾತು ಹೇಳಿದಳು: "ಸ್ಲಾಪಿ ಜೋ. ನಮ್ಮಮ್ಮ ಬುಧವಾರ ಮಾಡ್ತಿದ್ಳಲ್ಲ, ಅದು."

ಮಾಡಿಕೊಟ್ಟೆ. ಒಂದು ತುತ್ತು ತಿಂದು, "ಇದು ಚೆನ್ನಾಗಿದೆ. ಥ್ಯಾಂಕ್ ಯು," ಅಂದಳು. ತಟ್ಟೆ ಮುಂದೆ ಸರಿಯಿತು.

ಊಟ ಬೇಡವೆಂದು ಕೂತ ಎಷ್ಟು ಜನರನ್ನು ನೀನು ಕಂಡಿಲ್ಲ? ನನಗೆ ತೋಚುತ್ತಿಲ್ಲ, ಅವ್ವಾ.

ನಿನ್ನ ಮಗಳು
ನಿವೇದಿತಾ

~

ಗದಗ
4 ಫೆಬ್ರವರಿ 2024

ನಿವಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ನವೆಂಬರ್, ಡಿಸೆಂಬರ್, ಜನವರಿ. ಪ್ರತಿ ಭಾನುವಾರ ಫೋನಿನಲ್ಲಿ ನಿನ್ನ ಮುಖ ನೋಡಿದ್ದೇನೆ. ಆ ಹೊತ್ತಿನಲ್ಲಿ ಆ ಕೂಸು ಎಲ್ಲಿರುತ್ತಿತ್ತು? ಬೇರೆ ಕೋಣೆಯಲ್ಲೇ?

ಇರಲಿ. ಇಲ್ಲಿ ಎಲ್ಲ ಅರಾಮ. ಹೊಸ ಜೋಳ ಬಂದಿದೆ, ರೊಟ್ಟಿ ಹರಿಯದೆ ಏಳುತ್ತವೆ.

ದಿಂಬಿನ ಕೆಳಗಿನ ಬ್ರೆಡ್ಡನ್ನು ತೆಗೆಯಬೇಡ. ಒಂದು ಮುಚ್ಚಳದ ಡಬ್ಬಿಯನ್ನು ಅವಳ ಹಾಸಿಗೆಯ ಪಕ್ಕ ಇಡು. ದಿನವೂ ಅವಳ ಕಣ್ಣೆದುರಿಗೆ ಅದರಲ್ಲಿ ತಿನ್ನುವುದು ತುಂಬು. ಎಷ್ಟು ತಿಂದಳೆಂದು ಕೇಳಬೇಡ, ಖಾಲಿಯಾಗಿದ್ದರೆ ಸುಮ್ಮನೆ ತುಂಬು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಮಾತಿನಿಂದ ಹೋಗುವಂಥದ್ದಲ್ಲ.

ಈ ಸ್ಲಾಪಿ ಜೋ ಅಂದರೆ ಏನು? ಜೋ ಅಂದರೆ ಜೋಳವೇ ಇರಬೇಕು ಎಂದು ಶರಣವ್ವ ಹೇಳುತ್ತಾಳೆ. ಅವಳಿಗೆ ಆ ಹೆಸರಷ್ಟೇ ಹೇಳಿದ್ದೇನೆ, ಉಳಿದದ್ದು ಹೇಳಿಲ್ಲ. ಅದರಲ್ಲಿ ಏನೇನು ಬೀಳುತ್ತದೆ, ಆ ಕೂಸು ಅದರ ಬಗ್ಗೆ ಏನೇನು ಅನ್ನುತ್ತದೆ, ಅಂದ ಹಾಗೆಯೇ ಬರೆ. ಏನನ್ನೂ ಬಿಡಬೇಡ.

ಚನ್ನಬಸವ್ವ

~

ಸನ್ನಿವೇಲ್
18 ಫೆಬ್ರವರಿ 2024, ಭಾನುವಾರ

ಅವ್ವನಿಗೆ,

ಡಬ್ಬಿ ಇಟ್ಟೆ. ಮೊದಲ ವಾರ ದಿನವೂ ಖಾಲಿಯಾಗುತ್ತಿತ್ತು. ಎರಡನೆಯ ವಾರ ಅರ್ಧ. ನಿನ್ನೆ ದಿಂಬು ಎತ್ತಿ ನೋಡಿದರೆ ಕೆಳಗೆ ಏನೂ ಇರಲಿಲ್ಲ. ನಾನು ದಿಂಬನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತೆ. ಇಲ್ಲಿ ನಮಗೆ ತರಬೇತಿಯಲ್ಲಿ ಕೊಟ್ಟ ದಪ್ಪ ಪುಸ್ತಕದಲ್ಲೂ ಇದೇ ಉಪಾಯ ಇತ್ತು ಎಂದು ಆಮೇಲೆ ನೋಡಿದೆ. ಓದಿದ್ದೆ, ನೆನಪಿಗೆ ಬಂದಿರಲಿಲ್ಲ.

ಆದರೆ ಮೇಜಿನ ಮುಂದೆ ಕೂತಾಗ ಈಗಲೂ ನಾಲ್ಕೇ ತುತ್ತು.

ನೀನು ಕೇಳಿದ್ದು: ಸ್ಲಾಪಿ ಅಂದರೆ ಗಲೀಜು, ಜೋ ಒಬ್ಬ ಮನುಷ್ಯನ ಹೆಸರು. ಜೋಳಕ್ಕೆ ಸಂಬಂಧವಿಲ್ಲ. ಮಾಂಸದ ಖೀಮಾವನ್ನು ಉಳ್ಳಾಗಡ್ಡಿ, ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಹುರಿಯುತ್ತಾರೆ. ಅದಕ್ಕೆ ಟೊಮ್ಯಾಟೊ ಕೆಚಪ್, ಸಾಸಿವೆಯ ಸಾಸ್, ಕಂದು ಸಕ್ಕರೆ, ಸ್ವಲ್ಪ ವಿನೆಗರ್ ಸುರಿದು ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ದುಂಡನೆಯ ಬನ್ನನ್ನು ಅಡ್ಡ ಸೀಳಿ ನಡುವೆ ತುಂಬಿ ಕೈಯಲ್ಲಿ ಹಿಡಿದು ತಿನ್ನುವುದು. ಬೆರಳ ಸಂದಿಯಲ್ಲಿ ಸೋರುತ್ತದೆ, ಅದಕ್ಕೇ ಆ ಹೆಸರು. ಕೆಲಸದಿಂದ ಬಂದು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸುವ ಅಡುಗೆ.

ಮುಚ್ಚಿಡುವುದಿಲ್ಲ, ಅವ್ವಾ. ಮೊದಲು ಸೋಯಾದಲ್ಲಿ ಮಾಡಿದೆ. ಎರಡನೆಯ ಸಲ ಗುರುಕಿರಣ ಅಂಗಡಿಯಿಂದ ಟರ್ಕಿಯ ಖೀಮಾ ತಂದ. ಅದು ಕೋಳಿಗಿಂತ ದೊಡ್ಡ ಹಕ್ಕಿ. ನನ್ನ ಮನೆಯ ಒಲೆಯ ಮೇಲೆ ಮಾಂಸ ಬೇಯಿಸಿದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟೆ, ಕೊನೆಯ ತನಕ ಒಲೆ ಬಿಟ್ಟು ಕದಲಲಿಲ್ಲ.

ಇಲ್ಲಿಯ ತನಕ ಏಳು ಸಲ ಮಾಡಿದ್ದೇನೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ದಿನವಿಡೀ ಮಾಡುವುದನ್ನೇ ಮನೆಯಲ್ಲೂ ಮಾಡಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಗ್ರಾಮಿನಲ್ಲಿ ತೂಗುವುದು, ಬರೆದಿಡುವುದು. ಗುರುಕಿರಣ ನನ್ನ ನೋಟ್‌ಬುಕ್ ನೋಡಿ, "ನಿವೀ, ಇದೇನು ಅಡಿಗಿ ಮಾಡಾಕತ್ತೀಯೋ, ಕ್ಯಾನ್ಸರಿಗೆ ಔಷಧ ಹುಡುಕಾಕತ್ತೀಯೋ?" ಅಂದ.

ಟೆಸ್ಸಾ ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ. "ನಿಂದು ತುಂಬಾ ನೀರು. ಅಮ್ಮಂದು ಬನ್ನಿಂದ ಬೀಳ್ತಿರಲಿಲ್ಲ." "ಅದು ಮೊದಲು ಸಿಹಿ ಇರತ್ತೆ, ಆಮೇಲೆ ನಾಲಿಗೆಯ ಎರಡೂ ಪಕ್ಕ ಎಳೆಯತ್ತೆ." ಇನ್ನೊಂದು ಸಲ, "ಅದಕ್ಕೆ ಹುಲ್ಲಿನ ವಾಸನೆ ಇತ್ತು," ಅಂದಳು. ಹುಲ್ಲೇ ಎಂದು ನಾನು ನಕ್ಕೆ, ಅವಳು ಸುಮ್ಮನಾದಳು. ನಗಬಾರದಿತ್ತು. ಬುಧವಾರ ತಾಯಿಗೆ ರಜೆಯಂತೆ. ಅಂಗಡಿಯಿಂದ ಒಂದು ಸಣ್ಣ ಪೊಟ್ಟಣ ಖೀಮಾ ತಂದು ದೊಡ್ಡ ಬಾಣಲೆಯಲ್ಲಿ ಮಾಡುತ್ತಿದ್ದಳಂತೆ. "ಶುಕ್ರವಾರದ ತನಕ ಇರ್ತಿತ್ತು. ಇಬ್ಬರಿಗೂ." ಇಷ್ಟೇ.

ಮಗುವಿನ ಯೋಗಕ್ಷೇಮ ನೋಡಲು ಕೌಂಟಿಯಿಂದ, ಅಂದರೆ ಇಲ್ಲಿಯ ಜಿಲ್ಲಾ ಕಚೇರಿಯಿಂದ, ಬರುವ ಸೋಶಿಯಲ್ ವರ್ಕರು ಒಳ್ಳೆಯ ಹೆಂಗಸು. ಅವಳ ಮೂಲಕ ಲೊರೇನ್‌ಗೆ ಕೇಳಿಸಿದ್ದೆ, ಎಲ್ಲರೂ ಮಾಡುವ ಹಾಗೆಯೇ ಮಾಡುತ್ತಿದ್ದೆ ಎಂದಷ್ಟೇ ಉತ್ತರ ಬಂದಿತ್ತು. ಮೊನ್ನೆ ಬಂದು ಟೆಸ್ಸಾಳ ತೂಕದ ಪಟ್ಟಿ ನೋಡಿದಳು. ಏಪ್ರಿಲ್ ಮುಗಿಯುವುದರೊಳಗೆ ಹೀಗೆಯೇ ಇದ್ದರೆ, ಅವಳು ಒಗ್ಗಿಕೊಳ್ಳುವಂಥ ಬೇರೆ ಮನೆ ನೋಡಬೇಕಾಗುತ್ತದೆ ಎಂದಳು. ಇದು ಅವಳಿಗೆ ಮೂರನೆಯ ಮನೆ. ಇಲ್ಲಿಂದ ಹೋದರೆ ನಾಲ್ಕನೆಯದು.

ನಿವೇದಿತಾ

~

ಗದಗ
31 ಮಾರ್ಚ್ 2024

ನಿವಿಗೆ,

ಮಾಂಸಕ್ಕೆ ಬಾಣಲೆ ಬೇರೆ ಇಟ್ಟುಕೊಂಡಿದ್ದೀಯಾ? ಇಟ್ಟುಕೊಂಡಿದ್ದರೆ ಆ ಮಾತು ಇಲ್ಲಿಗೆ ಮುಗಿಯಿತು.

ಆರು ವಾರ ಕಾಗದ ಬರೆಯಲಿಲ್ಲ. ಮೊದಲ ಎರಡು ವಾರ ಸಿಟ್ಟಿನಲ್ಲಿದ್ದೆ. ಸುಳ್ಳು ಹೇಳುವುದಿಲ್ಲ. ಮೈಮೇಲೆ ಲಿಂಗ ಕಟ್ಟಿಕೊಂಡ ಮನೆಯ ಮಗಳು ಎಂದು ಎರಡು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಸಿಟ್ಟು ಹೋಯಿತು. ಹೋಗಲು ಕಾರಣ ಆ ತಾಯಿಯ ಬಾಣಲೆ.

ಒಂದು ಸಣ್ಣ ಪೊಟ್ಟಣ. ಎರಡು ಬಾಯಿ. ಬುಧವಾರದಿಂದ ಶುಕ್ರವಾರ. ಇದು ಹೇಗೆ ಹೊಂದುತ್ತದೆ? ಹಿಟ್ಟು ಕಲಸುವಾಗ, ಬದನೆಕಾಯಿ ಹೆಚ್ಚುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು. ನಾನು ಮಾಂಸದ ಅಡುಗೆ ಕಂಡವಳಲ್ಲ, ಆದರೆ ಬಾಣಲೆ ಕಂಡವಳು. ಮಾಂಸವಾಗಲಿ ಬೇಳೆಯಾಗಲಿ, ಒಂದು ಪೊಟ್ಟಣ ಮೂರು ದಿನಕ್ಕೆ ತಾನಾಗಿ ಬೆಳೆಯುವುದಿಲ್ಲ.

ನಿಮ್ಮ ಅಪ್ಪ ತೀರಿಹೋದ ವರ್ಷ ನಿನಗೆ ಒಂಬತ್ತು. ಆಗ ಖಾನಾವಳಿ ಇರಲಿಲ್ಲ, ನಾನು ಮೂರು ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. ರಾತ್ರಿ ಝುಣಕ ಮಾಡಲು ಕಡಲೆಹಿಟ್ಟು ಒಂದು ಹಿಡಿ ಇರುತ್ತಿತ್ತು. ಅದಕ್ಕೆ ಎರಡು ಹಿಡಿ ಜೋಳದ ನುಚ್ಚು ನೆನೆಸಿ ಹಾಕುತ್ತಿದ್ದೆ. ಗಟ್ಟಿಯಾಗುತ್ತಿತ್ತು, ತಟ್ಟೆ ತುಂಬುತ್ತಿತ್ತು. ನೀನು ಗೆಳತಿಯ ಮನೆಯಲ್ಲಿ ಉಂಡು ಬಂದು, "ಅವರ ಅವ್ವಗ ಝುಣಕ ಮಾಡಾಕ ಬರೂದಿಲ್ಲ, ನೀರ್ ನೀರ್ ಆಗಿರತೈತಿ," ಅಂದೆ. ನನಗೆ ನಗುವೂ ಬಂತು, ಇನ್ನೊಂದೂ ಬಂತು.

ನಿನ್ನ ಆ ಕೂಸು ಅದೇ ಮಾತು ಅಂದಿದೆ. "ನಿಂದು ನೀರು, ಅಮ್ಮಂದು ಬೀಳ್ತಿರಲಿಲ್ಲ." ಆ ತಾಯಿ ಯಾವುದೋ ಕಾಳೋ ನುಚ್ಚೋ ಹಾಕಿದ್ದಾಳೆ, ಮಗಳಿಗೆ ಗೊತ್ತಾಗದ ಹಾಗೆ. ಅಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಡಬ್ಬಿಯಲ್ಲಿ ಸಿಗುವ ಧಾನ್ಯ ಯಾವುದು? ಅದನ್ನು ಹುಡುಕು.

ಎರಡನೆಯದು, ಹುಲ್ಲು. ನೀನು ನಕ್ಕೆಯಂತೆ. ನನಗೆ ನಗು ಬರಲಿಲ್ಲ. ಹುಲ್ಲಿನಂತೆ ವಾಸನೆ ಬರುವ ಸೊಪ್ಪು ಒಂದೇ, ಸಬ್ಬಸಿಗೆ. ನಾಲಿಗೆಯ ಪಕ್ಕ ಎಳೆಯುವುದು ಬರಿ ಹುಳಿಯಲ್ಲ, ಹುಳಿ ಉಪ್ಪು ಎರಡೂ ಕೂಡಿ ಹಳೆಯದಾದದ್ದು. ಹಳೆಯ ಉಪ್ಪಿನಕಾಯಿಯ ರಸ ಹಾಗೆ ಎಳೆಯುತ್ತದೆ. ಆ ನಾಡಿನಲ್ಲಿ ಸಬ್ಬಸಿಗೆ ಹಾಕಿದ ಉಪ್ಪಿನಕಾಯಿ ಇದೆಯೇ? ಇದ್ದರೆ, ಕಾಯಿ ಮುಗಿದ ಮೇಲೆ ಉಳಿದ ರಸವನ್ನು ಆ ಹೆಣ್ಣುಮಗಳು ಚೆಲ್ಲಿರುವುದಿಲ್ಲ. ಬಾಣಲೆಗೆ ಹಾಕಿದ್ದಾಳೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಗ್ರಾಮು ತೂಗುವುದು ಬಿಡು. ಆ ತಾಯಿಯ ಬಳಿ ತಕ್ಕಡಿ ಇರಲಿಲ್ಲ.

ಚನ್ನಬಸವ್ವ

~

ಸನ್ನಿವೇಲ್
11 ಏಪ್ರಿಲ್ 2024, ಗುರುವಾರ

ಅವ್ವಾ,

ಲ್ಯಾಬಿಗೆ ರಜೆ ಹಾಕಿ ಬರೆಯುತ್ತಿದ್ದೇನೆ. ನಿನ್ನೆ ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ನಿನ್ನೆ ಸಂಜೆ ಟೆಸ್ಸಾಳನ್ನು ಶಾಲೆಯಿಂದ ನೇರವಾಗಿ ಗ್ರಾಸರಿ ಅಂಗಡಿಗೆ ಕರೆದುಕೊಂಡು ಹೋದೆ. ಮೊದಲು ಉಪ್ಪಿನಕಾಯಿಯ ಸಾಲಿಗೆ. ಇಲ್ಲಿ ಎಳೆಯ ಸೌತೆಕಾಯಿಯನ್ನು ಹುಳಿನೀರಿನಲ್ಲಿ ಹಾಕಿ ಗಾಜಿನ ಭರಣಿಯಲ್ಲಿ ಮಾರುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ನೋಡಿದ್ದೇನೆ, ಒಮ್ಮೆಯೂ ಅದರ ಚೀಟಿ ಓದಿರಲಿಲ್ಲ. ಓದಿದೆ. ಸೌತೆಕಾಯಿ, ವಿನೆಗರ್, ಉಪ್ಪು, ಬೆಳ್ಳುಳ್ಳಿ, ಸಬ್ಬಸಿಗೆ. ಭರಣಿಯನ್ನು ಬೆಳಕಿಗೆ ಹಿಡಿದರೆ ಸೌತೆಕಾಯಿಯ ನಡುವೆ ಸಬ್ಬಸಿಗೆಯ ಎಳೆಗಳು ತೇಲುತ್ತಿದ್ದವು. ಗದಗಿನ ಖಾನಾವಳಿಯಲ್ಲಿ ಕೂತು, ಎಂದೂ ನೋಡದ, ಎಂದೂ ರುಚಿ ನೋಡದ ಒಂದು ವಸ್ತುವನ್ನು ನೀನು ಮೂಸಿದ್ದೆ. ಅಂಗಡಿಯ ನಡುವೆಯೇ ಆ ಚೀಟಿಯನ್ನು ಎರಡನೆಯ ಸಲ ಓದಿದೆ.

ಆಮೇಲೆ ಧಾನ್ಯಗಳ ಸಾಲು. "ಇದರಲ್ಲಿ ಯಾವುದಾದರೂ ನಿಮ್ಮ ಮನೆಯಲ್ಲಿತ್ತಾ?" ಎಂದು ಕೇಳಿದೆ. ಟೆಸ್ಸಾ ಅತ್ತಿತ್ತ ನೋಡಿ, ಓಟ್ಸ್ ತುಂಬಿದ ದುಂಡನೆಯ ರಟ್ಟಿನ ಡಬ್ಬಿಯನ್ನು ತೋರಿಸಿದಳು.

"ಇದು ನನ್ನ ಪೆನ್ಸಿಲ್ ಡಬ್ಬಿ. ನನ್ನ ಹತ್ರ ಮೂರು ಇತ್ತು."

"ಅಂದರೆ ಓಟ್ಸ್ ತಿನ್ನುತ್ತಿದ್ದಿರಾ?"

"ಇಲ್ಲ. ನನಗೆ ಓಟ್ಸ್ ಇಷ್ಟ ಇಲ್ಲ. ನಾವು ಯಾವತ್ತೂ ತಿಂದಿಲ್ಲ."

ಇಷ್ಟು ಹೇಳಿ ಡಬ್ಬಿಯನ್ನು ನೋಡುತ್ತ ನಿಂತಳು. ಡಬ್ಬಿಗಳು ಖಾಲಿಯಾದದ್ದು ಹೇಗೆ ಎಂದು ಅವಳೇ ಯೋಚಿಸುತ್ತಿದ್ದಳು. ಅದು ಅವಳ ಮುಖದಲ್ಲಿ ನಿಧಾನವಾಗಿ ಮೂಡಿತು. "ಓ," ಅಂದಳು. ಅಷ್ಟೇ. ಡಬ್ಬಿಯನ್ನು ತಾನೇ ತೆಗೆದು ಎದೆಗೆ ಒತ್ತಿಕೊಂಡು ಬಿಲ್ಲಿನ ಕೌಂಟರಿನ ತನಕ ಹೊತ್ತಳು.

ಮನೆಗೆ ಬಂದು ಎರಡು ಬಾಣಲೆ ಇಟ್ಟೆ, ಅವಳಿಗೆ ಟರ್ಕಿಯದು, ನಮಗೆ ಸೋಯಾದ್ದು. ಉಳಿದದ್ದೆಲ್ಲ ಒಂದೇ. ತಕ್ಕಡಿ ತೆಗೆಯಲಿಲ್ಲ. ಕೈಯಳತೆಯಲ್ಲಿ ಓಟ್ಸ್ ಉದುರಿಸಿದೆ. ಐದು ನಿಮಿಷದಲ್ಲಿ ಅವು ಕಾಣದಂತಾಗಿ, ನೀರೆಲ್ಲ ಹೀರಿ, ಬಾಣಲೆ ಉಬ್ಬಿತು. ಕೊನೆಗೆ ಭರಣಿಯ ರಸ ಸುರಿದೆ. ಹಬೆ ಎದ್ದಿತು. ಕೋಣೆಯಲ್ಲಿ ಓದುತ್ತಿದ್ದವಳು ಕರೆಯದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬರಿಗಾಲಲ್ಲಿ, ಕೈಯಲ್ಲಿ ಪೆನ್ಸಿಲ್ ಹಿಡಿದು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಉಸಿರೆಳೆದುಕೊಳ್ಳುತ್ತಿದ್ದಳು.

ಮೂವರೂ ಮೇಜಿಗೆ ಕೂತೆವು. ಗುರುಕಿರಣ ಏನೋ ತಮಾಷೆ ಮಾಡಲು ಹೊರಟಿದ್ದ, ನಾನು ಕಣ್ಣಲ್ಲೇ ತಡೆದೆ. ಟೆಸ್ಸಾ ಒಂದು ತುತ್ತು ಕಚ್ಚಿದಳು. ಅಗಿದಳು. ಇನ್ನೊಂದು ಕಚ್ಚಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಿಲ್ಲಲಿಲ್ಲ. ಥ್ಯಾಂಕ್ ಯು ಎನ್ನಲಿಲ್ಲ. ಒಂದು ಬನ್ ಮುಗಿಸಿ ತಟ್ಟೆಯನ್ನು ನನ್ನ ಕಡೆಗೆ ಚಾಚಿದಳು. ಐದು ತಿಂಗಳಲ್ಲಿ ಅವಳು ತಾನಾಗಿ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಎರಡನೆಯದನ್ನು ತಿನ್ನುತ್ತ ಮಾತು ಶುರುವಾಯಿತು. ಅಮ್ಮ ಬುಧವಾರ ರೇಡಿಯೋ ಹಾಕುತ್ತಿದ್ದಳು, ಸೌಟನ್ನು ಮೈಕಿನಂತೆ ಹಿಡಿದು ಹಾಡುತ್ತಿದ್ದಳು, ಉಪ್ಪಿನಕಾಯಿಯ ಕೊನೆಯ ಕಾಯನ್ನು ಯಾವಾಗಲೂ ತನಗೇ ಕೊಡುತ್ತಿದ್ದಳು, ಆಮೇಲೆ ಭರಣಿಯನ್ನು ಬಾಣಲೆಯ ಮೇಲೆ ಬೋರಲು ಹಾಕುತ್ತಿದ್ದಳು. "ನಾನು ಮರೆತೇಬಿಟ್ಟಿದ್ದೆ," ಅಂದಳು. "ಅದು ಹಸಿರು ನೀರು." ಒಂದು ಗಂಟೆ ಮಾತಾಡಿದಳು. ಅವಳ ದನಿ ಇಷ್ಟು ಗಟ್ಟಿ ಎಂದು ನಮಗೆ ಗೊತ್ತಿರಲಿಲ್ಲ.

ಗುರುಕಿರಣ ಪಾತ್ರೆ ತೊಳೆಯುತ್ತ, "ನಿಮ್ಮವ್ವ ಮನುಷ್ಯಾಳೋ ದೇವ್ರೋ ಮಾರಾಯ್ತಿ," ಅಂದ.

ಆ ಝುಣಕದ ಮಾತು. ಅವ್ವಾ, ನಾವು ಬಡವರಾಗಿದ್ದೆವೆಂದು ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಇಷ್ಟು ವರ್ಷ ನಾನು ಆ ಝುಣಕವನ್ನು ನೆನೆದು, ನಮ್ಮದು ಉಳ್ಳವರ ಮನೆಯಾಗಿತ್ತೆಂದೇ ತಿಳಿದಿದ್ದೆ. ನೀನು ಅದನ್ನು ಹೇಗೆ ಮಾಡಿದೆಯೋ. ನುಚ್ಚು ಹಾಕಿದ್ದನ್ನು ಹೇಳುತ್ತಿಲ್ಲ.

ನಿವಿ

~

ಗದಗ
21 ಏಪ್ರಿಲ್ 2024

ನಿವಿಗೆ,

ಕಾಗದವನ್ನು ನಾನು ಓದಿ, ಶರಣವ್ವನ ಕೈಗೆ ಕೊಟ್ಟೆ. ಅವಳು ರೊಟ್ಟಿ ಬಡಿಯುವವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಕೂಸು ಇರುವ ಸುದ್ದಿ ಈಗ ಎಲ್ಲರಿಗೂ ಗೊತ್ತು. ಓದುವಾಗ ಎಂಟು ಜನರ ಕೈಗಳೂ ನಿಂತಿದ್ದವು. ಒಲೆಯ ಮೇಲಿನ ಎರಡು ರೊಟ್ಟಿ ಸೀದವು, ನಾನು ಬೈಯಲಿಲ್ಲ.

ಒಂದು ಕೇಳಬೇಕು. ಮಗಳು ಉಂಡಳೆಂಬ ಸುದ್ದಿಯನ್ನು ಆ ತಾಯಿಗೆ ಮುಟ್ಟಿಸಿದ್ದೀಯಾ? ನನಗೆ ಬರೆಯುವ ಮೊದಲು ಅವಳಿಗೆ ಹೇಳಬೇಕಿತ್ತು.

ಸೊಪ್ಪು ಸೋಸುತ್ತ ನಾನು ಅಂದ ಮಾತು ನನಗೆ ನೆನಪಿದೆ. ಮರೆತಿದ್ದೇನೆಂದು ಏಕೆ ತಿಳಿದೆ? ನೀನು ಎದ್ದು ಹೋದ ಮೇಲೆ ಆ ಸೊಪ್ಪನ್ನು ಎರಡನೆಯ ಸಲ ಸೋಸಿದೆ. ಆಡಬಾರದಿತ್ತು.

ಚನ್ನಬಸವ್ವ

~

ಸನ್ನಿವೇಲ್
28 ಜುಲೈ 2024, ಭಾನುವಾರ

ಅವ್ವನಿಗೆ,

ಮೂರು ತಿಂಗಳು ಬರೆಯಲಿಲ್ಲ, ತಪ್ಪು ತಿಳಿಯಬೇಡ. ನೀನು ಅಂದ ಹಾಗೆ ಲೊರೇನ್‌ಗೆ ಅಂದೇ ಹೇಳಿ ಕಳಿಸಿದೆ. ಟೆಸ್ಸಾ ಮೂರು ಕಿಲೋ ಏರಿದ್ದಾಳೆ. ಬೇರೆ ಮನೆಯ ಮಾತು ನಿಂತುಹೋಯಿತು. ಈಗ ರೊಟ್ಟಿಯನ್ನೂ ತಿನ್ನುತ್ತಾಳೆ, ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆಯ ಜೊತೆ ಬ್ರೆಡ್ಡಿಗೆ ಸವರಿಕೊಳ್ಳುತ್ತಾಳೆ.

ಹೋದ ಬುಧವಾರ ಲೊರೇನ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಚಿಕಿತ್ಸೆ ಮುಗಿದು ಈಗ ಹೊರಗಿದ್ದಾಳೆ, ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ. ಬೆರ್ರಿಯೆಸಾ ರೈಲು ಸ್ಟೇಶನ್ನಿನ ಹತ್ತಿರ ಒಂದು ಕೋಣೆಯ ಅಪಾರ್ಟ್‌ಮೆಂಟು ಹಿಡಿದಿದ್ದಾಳೆ. ಕಾರಿಲ್ಲ. ವಾರಕ್ಕೊಮ್ಮೆ ಕೌಂಟಿಯ ಕಚೇರಿಯಲ್ಲಿ ಮಗಳನ್ನು ನೋಡಲು ಅವಳಿಗೆ ಅವಕಾಶವಿತ್ತು, ಚಿಕಿತ್ಸೆಯಲ್ಲಿದ್ದಾಗಲೂ ಎರಡು ಬಸ್ಸು ಬದಲಿಸಿ ಬರುತ್ತಿದ್ದಳಂತೆ. ಎಂಟು ತಿಂಗಳಲ್ಲಿ ಒಂದು ವಾರವೂ ತಪ್ಪಿಸಿಲ್ಲ. ಮೈ ನಡುಗುತ್ತಿದ್ದ ದಿನಗಳಲ್ಲೂ ಬಂದು, ಮಗಳಿಗೆ ಕಾಣದಂತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು ಎಂದು ಸೋಶಿಯಲ್ ವರ್ಕರು ಹೇಳಿದಳು. ನನ್ನ ಕಣ್ಣಿಗೆ ಅವಳು ಮಾತ್ರೆ ನುಂಗಿದವಳಾಗಿ ಮಾತ್ರ ಕಂಡಿದ್ದಳು.

ಸಣ್ಣ ಆಳು, ಬಿಸಿಲಿಗೆ ಸುಟ್ಟ ಮೂಗು. ಬಾಗಿಲಲ್ಲಿ ಶೂ ಬಿಚ್ಚಿ ಬದಿಗಿಟ್ಟಳು, ಯಾರೂ ಹೇಳಿರಲಿಲ್ಲ. ಕೈಯಲ್ಲಿ ಸಣ್ಣ ಕುಂಡ, ಅದರಲ್ಲಿ ತುಳಸಿಯಂಥ ಗಿಡ. ಟೆಸ್ಸಾಳೇ ಬಡಿಸಿದಳು. ಲೊರೇನ್ ಒಂದು ತುತ್ತು ತಿಂದು ಬನ್ನನ್ನು ತಟ್ಟೆಯ ಮೇಲಿಟ್ಟಳು.

"ಓಟ್ಸ್ ವಿಷಯ ಯಾರಿಗೂ ಗೊತ್ತಿಲ್ಲ," ಅಂದಳು. "ಇವಳಿಗೂ ಗೊತ್ತಿಲ್ಲ. ನಿಮಗೆ ಯಾರು ಹೇಳಿದರು?"

ನಿನ್ನ ವಿಷಯ ಹೇಳಿದೆ. ಗದಗ, ಹಿಟ್ಟಿನ ಗಿರಣಿ, ಒಂದು ಹಿಡಿ ಕಡಲೆಹಿಟ್ಟು, ಎರಡು ಹಿಡಿ ನುಚ್ಚು. ನೀನು ಮಾಂಸ ಮುಟ್ಟಿದವಳಲ್ಲವೆಂದೂ ಹೇಳಿದೆ. ಅವಳು ಊಟ ಬಿಟ್ಟು ಕೇಳಿದಳು. ಕೊನೆಗೆ, "ಅವರಿಗೆ ಕೇಳಿ," ಅಂದಳು, "ಮಗಳಿಗೆ ಗೊತ್ತಾಗಬಾರದು ಅಂತ ಅವರೂ ಅವಳು ಮಲಗಿರುವಾಗಲೇ ನೆನೆಸಿಡುತ್ತಿದ್ದರಾ?" ಕೇಳುತ್ತೇನೆ ಎಂದೆ. ನನ್ನ ಮೇಜಿನ ಮುಂದೆ ಕೂತದ್ದು ನೀನೇ ಎನಿಸಿತು, ಅವ್ವಾ. ಮೂವತ್ತೆರಡು ವರ್ಷದ ಹಿಂದಿನ ನೀನು.

ಒಂದು ಮಾತು ನಿನಗಲ್ಲದೆ ಇನ್ನಾರಿಗೂ ಬರೆಯಲಾರೆ. ಈ ವಸಂತದಲ್ಲಿ ಕೆಲವು ದಿನ, ಅವಳು ಒಂದು ವಾರವಾದರೂ ಬಾರದೆ ಹೋದಾಳೇ ಎಂದು ನಾನು ಕಾದಿದ್ದೆ. ಅಂದು ಅವಳು ಪಾತ್ರೆ ತೊಳೆಯಲು ನನ್ನ ಪಕ್ಕ ನಿಂತಾಗ ಅದು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಕೋರ್ಟು. ಮಗಳನ್ನು ಅವಳಿಗೆ ಕೊಡುತ್ತಾರೆ. ಕೊಡಬೇಕು ಎಂದು ನಾವೂ ಬರೆದುಕೊಟ್ಟಿದ್ದೇವೆ.

ನಿವಿ

~

ಸನ್ನಿವೇಲ್
8 ಸೆಪ್ಟೆಂಬರ್ 2024, ಭಾನುವಾರ

ಅವ್ವಾ,

ಬುಧವಾರ ಟೆಸ್ಸಾಳನ್ನು ಬಿಟ್ಟು ಬಂದೆವು.

ಎರಡು ಸೂಟ್‌ಕೇಸು, ಒಂದು ಸೈಕಲ್ಲು, ಶಾಲೆಯ ಚೀಲ. ನಮ್ಮ ಮನೆಗೆ ಬಂದಾಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಿದ್ದಳು. ಅಪಾರ್ಟ್‌ಮೆಂಟು ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಲೊರೇನ್ ಕಿಟಕಿಗೆ ಹೊಸ ಪರದೆ ಹಾಕಿದ್ದಳು, ಮಗಳಿಗೆ ಹಾಸಿಗೆಯಿರುವ ಕೋಣೆ ಬಿಟ್ಟುಕೊಟ್ಟು ತಾನು ಹಾಲಿನ ಸೋಫಾದಲ್ಲಿ ಮಲಗುವ ವ್ಯವಸ್ಥೆ ಮಾಡಿಕೊಂಡಿದ್ದಳು.

ನನ್ನನ್ನು ಬದಿಗೆ ಕರೆದು ಒಂದು ಚೀಟಿ ಪೆನ್ನು ಹಿಡಿದಳು. "ಅವಳಿಗೆ ಈಗ ಏನೇನು ಇಷ್ಟ? ಈ ವರ್ಷದ್ದು ನನಗೆ ಗೊತ್ತಿಲ್ಲ," ಅಂದಳು. ಹೆತ್ತ ತಾಯಿ ನನ್ನನ್ನು ಕೇಳಿದಳು, ಅವ್ವಾ, ನಾಚಿಕೆಯಿಲ್ಲದೆ, ತಲೆ ಎತ್ತಿ. ನಾನು ಹೇಳಿದೆ. ಮಲಗುವಾಗ ಬಾಗಿಲು ಒಂದು ಗೇಣು ತೆರೆದಿರಬೇಕು. ಗಣಿತ ತಪ್ಪಾದರೆ ಅಳಿಸಲು ಬಿಡಬೇಕು, ಮಾತಾಡಿಸಬಾರದು. ಚಳಿಯಲ್ಲೂ ಸಾಕ್ಸ್ ಹಾಕುವುದಿಲ್ಲ. ಎಲ್ಲವನ್ನೂ ಬರೆದುಕೊಂಡಳು. ಚೀಟಿಯ ಹಿಂಬದಿಯೂ ತುಂಬಿತು.

ಹೊರಡುವಾಗ ಟೆಸ್ಸಾ ನನ್ನ ಸೊಂಟಕ್ಕೆ ಕೈ ಹಾಕಿ ಬಿಗಿಯಾಗಿ ಅಪ್ಪಿಕೊಂಡಳು. ಗುರುಕಿರಣನಿಗೂ ಹಾಗೆಯೇ. "ಥ್ಯಾಂಕ್ ಯು," ಅಂದಳು. ಬಾಗಿಲು ಮುಚ್ಚಿತು. ಗುರುಕಿರಣ ಮುಂದೆ ಇಳಿದು ಕಾರಿನ ಕಡೆ ಹೋದ. ನಾನು ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟೆ.

ಆಗ ಮೇಲಿನಿಂದ ಕೂಗು ಕೇಳಿತು.

"ಮಮ್, ನನ್ನ ಪುಸ್ತಕ ಅಲ್ಲಿ ಇಡಬೇಡ ಅಂದೆನಲ್ಲ! ನೀನು ಯಾವಾಗಲೂ ಹೀಗೇ!"

"ಇನ್ನೆಲ್ಲಿ ಇಡಲಿ? ತಲೆ ಮೇಲಾ?"

"ಎಲ್ಲಾದರೂ ಇಡು! ನನ್ನ ಕೋಣೆಗೆ ಬರಬೇಡ!"

ದಡ್ಡೆಂದು ಒಂದು ಬಾಗಿಲು ಬಡಿಯಿತು. ಅದರ ಹಿಂದೆಯೇ ಲೊರೇನ್ ಏನೋ ಅಂದಳು, ಟೆಸ್ಸಾ ಒಳಗಿನಿಂದಲೇ ತಿರುಗಿ ಅಂದಳು.

ಹತ್ತು ತಿಂಗಳಲ್ಲಿ ಅವಳು ನಮ್ಮೊಂದಿಗೆ ಒಂದು ಸಲವೂ ಜಗಳವಾಡಲಿಲ್ಲ. ಒಂದು ಬಾಗಿಲು ಬಡಿಯಲಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ಉಂಡಳು, ನಕ್ಕಳು, ಮಾತಾಡಿದಳು, ಆದರೆ ಹತ್ತು ತಿಂಗಳೂ ಅತಿಥಿಯ ಹಾಗೆ, ಎಲ್ಲಿ ಕಾಲಿಟ್ಟರೆ ಏನಾಗುತ್ತದೋ ಎಂದು ನೋಡಿಕೊಂಡೇ ಇದ್ದಳು. ಅಲ್ಲಿ ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ. ಎಷ್ಟು ಕೂಗಿದರೂ ಕಳೆದುಹೋಗದ ಜಾಗ ಅದೆಂದು ಅವಳಿಗೆ ಗೊತ್ತಿತ್ತು.

ನಾನು ಆ ಜಗಳವನ್ನು ದೇವರ ಮನೆಯ ಮುಂದೆ ನಿಂತ ಹಾಗೆ ನಿಂತು ಕೇಳಿದೆ. ದುಃಖ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಆ ಮೆಟ್ಟಿಲ ಮೇಲೆ ನನ್ನ ಜೊತೆ ನಿಂತಿತ್ತು. ಗುರುಕಿರಣ ಕೆಳಗಿನಿಂದ ನನ್ನನ್ನು ನೋಡುತ್ತಿದ್ದ.

ನಿವಿ

~

ಗದಗ
15 ಸೆಪ್ಟೆಂಬರ್ 2024

ನಿವಿಗೆ,

ಕಾಗದ ಓದಿದೆ. ಈ ಸಲ ಯಾರ ಕೈಗೂ ಕೊಡಲಿಲ್ಲ.

ಲೊರೇನವ್ವ ಕೇಳಿದ್ದಕ್ಕೆ ಹೌದು ಎಂದು ಹೇಳು. ನೀನು ಮಲಗಿದ ಮೇಲೆಯೇ ನೆನೆಸಿಡುತ್ತಿದ್ದೆ. ಅವಳಿಗೆ ನನ್ನ ಶರಣು ತಿಳಿಸು.

ಆ ಕೂಸು ಹತ್ತು ತಿಂಗಳು ಜಗಳವಾಡಲಿಲ್ಲ ಎಂದು ಬರೆದಿದ್ದೀ. ಅದನ್ನು ಓದಿ ಕಾಗದ ಕೆಳಗಿಟ್ಟೆ. ನೀನು ನನ್ನೊಂದಿಗೆ ಜಗಳವಾಡಿ ಆರು ವರ್ಷವಾಯಿತು, ನಿವಿ. ಅದಕ್ಕೂ ಮೊದಲು ಹೇಗಿದ್ದೆ. ಉಪ್ಪು ಹೆಚ್ಚಾದರೆ ಜಗಳ, ತಲೆಗೆ ಎಣ್ಣೆ ಹಚ್ಚಿದರೆ ಜಗಳ, ಮದುವೆಯ ಸೀರೆಗೆ ಮೂರು ದಿನ ಜಗಳ. ಈಗ ಏನು ಹೇಳಿದರೂ ಆಗಲಿ ಅವ್ವಾ, ಸರಿ ಅವ್ವಾ. ಸೀರೆ ಕಳಿಸುತ್ತೀ, ಔಷಧ ಕಳಿಸುತ್ತೀ. ಮಗಳು ಬಹಳ ಒಳ್ಳೆಯವಳೆಂದು ನಾನೂ ಎಲ್ಲರಿಗೂ ಹೇಳುತ್ತ ಬಂದೆ.

ಡಿಸೆಂಬರಿನಲ್ಲಿ ರಜೆ ಹಾಕಿ ಬಾ. ಗುರುಕಿರಣ ಬಂದರೂ ಸರಿ, ಬಿಟ್ಟರೂ ಸರಿ. ಅಂದು ಎದ್ದು ಹೊರಗೆ ಹೋಗುವ ಮೊದಲು ನಿನ್ನ ಬಾಯಲ್ಲಿ ಏನು ಬಂದಿತ್ತೋ ಅದನ್ನು ಇಲ್ಲಿ ಬಂದು ಅನ್ನು. ನಾನು ಸುಮ್ಮನೆ ಕೇಳುತ್ತ ಕೂರುವವಳಲ್ಲ, ನಾನೂ ಅನ್ನುತ್ತೇನೆ. ಬಾಗಿಲು ಬಡಿಯಬೇಕೆನಿಸಿದರೆ ಬಡಿ. ಹಳೆಯ ತೇಗದ ಬಾಗಿಲು, ಏನೂ ಆಗುವುದಿಲ್ಲ.

ನಿನ್ನ ಅವ್ವ